ಮಣ್ಣಿಗೆ ಬಂದವರು

ಸಿದಿಗೆಯ ಕೊನೆಯ ಗಂಟು ಬಿಗಿದು ಮಾಲತೇಶ ಬೀದಿಯತ್ತ ನೋಡಿದ. ಅತ್ತೆ ಬೀರವ್ವನ ಹೆಣ ಎತ್ತುವ ಹೊತ್ತು ಮೀರುತ್ತಿತ್ತು. ಹೆಗಲು ಕೊಡಲು ಯಾರೂ ಬಂದಿರಲಿಲ್ಲ. ಎದುರಿಗೇ ಬೀರವ್ವನ ಮೈದುನ ಭರಮಣ್ಣನ ಮನೆ. ಅದರ ಬಾಗಿಲು ಮುಚ್ಚಿತ್ತು. ಅವನಿಗೆ ಅಂಜಿ ಓಣಿಯ ಬಾಗಿಲುಗಳೂ ಮುಚ್ಚಿದ್ದವು.

ಊರ ಹಿರಿಯ ಶೇಖಪ್ಪ ಭರಮಣ್ಣನ ಹಿತ್ತಲಿನಿಂದ ಬಂದು, ಅವ್ವನ ತಲೆಯ ಬಳಿ ಕುಳಿತಿದ್ದ ಮಾಲತೇಶನ ಹೆಂಡತಿ ಮಹೇಶ್ವರಿಯ ಪಕ್ಕ ಕುಳಿತ.

"ತಂಗೀ, ಮಾತಾಡಿ ಬಂದೇನಿ. ನೀ ಹೋಗಿ ಕಾಕಾನ ಕಾಲ ಹಿಡಿ. ಅವತ್ತ ಕೋರ್ಟಿನ್ಯಾಗ ಸುಳ್ಳ ಹೇಳಿದ್ನಿ, ಅವ್ವ ಕಲಿಸಿದ್ಲು ಅಂತ ಒಂದ ಮಾತ ಅನ್ನು. ಊರಿಗೆ ಊರ ಮಣ್ಣಿಗೆ ಬರ್ತದ."

ಮಹೇಶ್ವರಿ ಅವ್ವನ ತಲೆಯ ಮೇಲಿನ ಸೆರಗು ಸರಿಪಡಿಸಿದಳು. ಅವಳ ಮಗಳು, ಹತ್ತು ವರ್ಷದ ಕಾವ್ಯಾ, ಕಂಬಕ್ಕೆ ಒರಗಿ ಕೇಳಿಸಿಕೊಳ್ಳುತ್ತಿದ್ದಳು.

*

ಆಗ ಮಹೇಶ್ವರಿಗೆ ಈಗಿನ ಕಾವ್ಯಾಳಷ್ಟೇ ವಯಸ್ಸು. ಗಂಡ ಸತ್ತ ಮೇಲೆ ಬೀರವ್ವ ಮೈದುನನ ಆಸರೆಯಲ್ಲಿದ್ದಳು. ಕಾಗಿನೆಲೆ ರಸ್ತೆಯಲ್ಲಿ ಭರಮಣ್ಣನ ಟ್ರ್ಯಾಕ್ಟರ್ ಹರಿದು ಸೈಕಲ್ಲಿನವನೊಬ್ಬ ಸತ್ತಾಗ, ಹುಡುಗಿ ಕಾಕಾನ ಪಕ್ಕದಲ್ಲೇ ಕುಳಿತಿದ್ದಳು. ಕುಡಿದು ಓಡಿಸುತ್ತಿದ್ದವನು ಭರಮಣ್ಣ. ಪೊಲೀಸರ ಮುಂದೆ ನಿಲ್ಲಿಸಿದ್ದು ಆಳು ಮೈಲಾರೆಪ್ಪನನ್ನು.

ಹಾವೇರಿ ಕೋರ್ಟಿಗೆ ಹೋಗುವ ಬಸ್ಸಿನಲ್ಲಿ ಮಹೇಶ್ವರಿ ಕೇಳಿದಳು: "ಅವ್ವಾ, ಕಾಕಾ ಹೇಳಿಕೊಟ್ಟಂಗ ಮೈಲಾರೆಪ್ಪನ ಹೆಸರ ಹೇಳ್ಲೇನು?"

ಬೀರವ್ವ ಟಿಕೀಟನ್ನು ಸೆರಗಿನ ತುದಿಗೆ ಗಂಟು ಹಾಕಿದಳು.

"ಮನ್ಯಾಗ ಸಕ್ರಿ ಕದ್ದ ತಿಂದಾಗ ಏನ್ ಹೇಳ್ತೇನಿ ನಿನಗ?"

"ಖರೇ ಹೇಳಂತ."

"ಅಲ್ಲೂ ಅದನ್ನ ಮಾಡು." ಆಮೇಲೆ ತನಗೇ ಎಂಬಂತೆ, "ಮುಂದಿಂದು ನಾ ನೋಡ್ಕೋತೇನಿ" ಎಂದಳು.

ಭರಮಣ್ಣ ಜೈಲಿಗೆ ಹೋದ. ಊರಲ್ಲಿ ಯಾರೂ ಬೀರವ್ವನನ್ನು ಹೊಲದ ಕೆಲಸಕ್ಕೆ ಕರೆಯದಾದರು. ದಿನಾ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ತೊಟ್ಟು ಬಿಡಿಸಿ ಮಗಳನ್ನು ಸಾಕಿದಳು. ಸಂಜೆ ಉರಿಯುವ ಕೈಗಳನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂರುತ್ತಿದ್ದಳು. ಅವಳು ಬಂದರೆ ನಳದ ಬಳಿ ಮಾತು ನಿಲ್ಲುತ್ತಿತ್ತು. ಹಬ್ಬದಲ್ಲಿ ಹೋಳಿಗೆ ಮಾಡಿದರೆ ಕೊಟ್ಟು ಬರಲು ಒಂದು ಮನೆಯೂ ಇರಲಿಲ್ಲ. ಮರುದಿನವೂ ತಾಯಿ ಮಗಳೇ ತಿನ್ನುತ್ತಿದ್ದರು.

"ನಾ ಹಂಗ ಹೇಳಬಾರದಿತ್ತೇನವ್ವಾ?" ಎಂದು ಮಗಳು ಒಮ್ಮೆ ಕೇಳಿದಳು.

ಬೀರವ್ವ ಅವಳ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು. "ಉಣ್ಣು. ಮೈಲಾರೆಪ್ಪನ ಮಕ್ಕಳೂ ಇವತ್ತ ಅಪ್ಪನ ಕೂಡ ಕುಂತು ಉಣ್ಣಾಕತ್ತಾವ."

*

"ಏನಂತೀಯವ್ವ?" ಶೇಖಪ್ಪ ಮತ್ತೆ ಕೇಳಿದ. "ಸತ್ತಾಕಿಗೇನ ತಿಳೀತದ?"

ಮಹೇಶ್ವರಿ ಕಂಬಕ್ಕೆ ಒರಗಿದ್ದ ಮಗಳ ಕಡೆ ನೋಡಿದಳು. "ಕಾಕಾನ ಕಾಲ ಬೇಕಾದ್ರ ಹಿಡೀತೇನ್ರಿ ಅಜ್ಜಾರ. ಅವ್ವ ಸುಳ್ಳ ಕಲಿಸಿದ್ಲು ಅಂತ ಮಾತ್ರ ಅನ್ನೂದಿಲ್ರಿ."

ಅಷ್ಟರಲ್ಲಿ ದೇವರಗುಡ್ಡದ ಕಡೆಯಿಂದ ಬಸ್ಸು ಹಿಡಿದು ಮೈಲಾರೆಪ್ಪ ಬಂದ. ಮುದುಕನಾಗಿದ್ದ. ಬೀರವ್ವನ ಪಾದ ಮುಟ್ಟಿ, ಸಿದಿಗೆಯ ಒಂದು ತುದಿಗೆ ನಿಂತ. ಮಾಲತೇಶ ಇನ್ನೊಂದಕ್ಕೆ ನಿಂತ. ಮಹೇಶ್ವರಿ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಹೆಣ್ಮಕ್ಕಳು ಹೊರೂದಿಲ್ಲವ್ವ" ಎಂದ ಶೇಖಪ್ಪ.

"ಮತ್ತ್ಯಾರ ಅದಾರ್ರಿ?"

ಶೇಖಪ್ಪ ಎದುರಿನ ಬಾಗಿಲನ್ನು ನೋಡಿದ. ಕೊನೆಗೆ ಟೋಪಿ ತೆಗೆದು ಕಿಸೆಗಿಟ್ಟು, ಉಳಿದ ತುದಿಗೆ ಹೆಗಲು ಕೊಟ್ಟ.

ಕುಣಿಯ ಬಳಿ ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಬೇಗ ಮುಗಿದುಹೋಯಿತು. ಅಗೆದು ಹಾಕಿದ ಮಣ್ಣಿನ ಗುಡ್ಡೆ ಹಾಗೇ ಇತ್ತು. ಮಾಲತೇಶ ಸಲಿಕೆ ಎತ್ತಿದ. ಕಾವ್ಯಾ ಅಡ್ಡ ಬಂದು, ಬಾಗಿ, ಇನ್ನೊಂದು ಹಿಡಿ ಹಾಕಿದಳು. ಮತ್ತೊಂದು. ಯಾರೂ ತಡೆಯಲಿಲ್ಲ. ಬಾರದವರ ಪಾಲಿನದನ್ನೆಲ್ಲ ಆ ಸಣ್ಣ ಕೈಗಳು ಹಿಡಿ ಹಿಡಿಯಾಗಿ ಹಾಕುತ್ತಲೇ ಇದ್ದವು.