ದರ್ಜಿಯನ್ನು ಕೊನೆಗೆ ಕಂಡವನು

ಸೀಸನ್ನಿನ ಮೊದಲ ದಿನ ಬೋಟು ಹೊರಟು ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಅದು ಮೂತಿ ತಿರುಗಿಸಿಕೊಂಡು ದಡದ ಕಡೆಗೇ ಬರುತ್ತಿರುವುದನ್ನು ಕಂಡು ಟಿಕೆಟ್ ಅಕ್ಕ ಕುರ್ಚಿಯಿಂದ ಎದ್ದಳು. ಎಂಜಿನ್ ಕೆಟ್ಟಿದ್ದರೆ ಹೊಗೆ ಕಾಣಬೇಕಿತ್ತು. ಯಾರಿಗಾದರೂ ಹುಷಾರು ತಪ್ಪಿದ್ದರೆ ಗಂಡ ಫೋನು ಮಾಡುತ್ತಿದ್ದ. ಎರಡೂ ಇಲ್ಲ. ಸಮುದ್ರ ಬೋಗುಣಿಯಲ್ಲಿ ಹಿಡಿದಿಟ್ಟ ನೀರಿನ ಹಾಗೆ ಅಲುಗದೆ ಬಿದ್ದಿತ್ತು.

ಅವಳಿಗೆ ಟಿಕೆಟ್ ಅಕ್ಕ ಎಂಬ ಹೆಸರು ಬಿದ್ದು ಹನ್ನೊಂದು ವರ್ಷವಾಗಿತ್ತು. ಜೆಟ್ಟಿಯ ಬುಡದಲ್ಲಿ ಒಂದು ಮೇಜು, ಒಂದು ದೊಡ್ಡ ಛತ್ರಿ, ಮೂರು ದ್ವೀಪಗಳ ಬಣ್ಣಗೆಟ್ಟ ಚಿತ್ರವಿರುವ ಹಲಗೆ, ಇಷ್ಟೇ ಅವಳ ಆಫೀಸು. ಬೋಟು ನಡೆಸುವವನು ಅವಳ ಗಂಡ. ದೊಡ್ಡ ಹೋಟೆಲುಗಳ ಅತಿಥಿಗಳಿಗೆ ಮೆತ್ತೆ ಹಾಕಿದ ಬಿಳಿ ಬೋಟುಗಳಿದ್ದವು. ಇವರ ಬೋಟಿಗೆ ಬರುವವರು ಬಸ್‌ ನಿಲ್ದಾಣದ ಹಿಂದಿನ ಲಾಡ್ಜುಗಳಲ್ಲಿ, ಒಂದು ಕೋಣೆಗೆ ಎಂಟು ಮಂಚ ಹಾಕಿದ ಕಡೆ ಉಳಿದುಕೊಂಡವರು. ಮಧ್ಯಾಹ್ನಕ್ಕೆ ಬ್ರೆಡ್ಡು, ಬಾಳೆಹಣ್ಣು ತಾವೇ ಕಟ್ಟಿಕೊಂಡು ಬರುತ್ತಿದ್ದರು. ಮೂರು ದ್ವೀಪ ಸುತ್ತಿಸಿ, ಹವಳದ ದಿಬ್ಬದ ಹತ್ತಿರ ಒಂದು ಗಂಟೆ ನೀರಿಗಿಳಿಸಿ, ಸಂಜೆಯೊಳಗೆ ಕರೆತರುವುದು ಇವರ ಕೆಲಸ.

ಬೋಟು ಜೆಟ್ಟಿಗೆ ತಾಗಿದೊಡನೆ ಹದಿನಾಲ್ಕು ಜನ ಗೊಣಗುತ್ತ ಇಳಿದರು. ಗಂಡ ಹಗ್ಗ ಕಟ್ಟಿ, ಯಾರ ಮುಖವನ್ನೂ ನೋಡದೆ ಮನೆಯ ಕಡೆ ನಡೆದುಬಿಟ್ಟ. ದಪ್ಪ ಹೊಟ್ಟೆಯವನೊಬ್ಬ ಮೇಜಿನ ಮುಂದೆ ನಿಂತ.

"ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅಂತಾರೆ. ನಿಮ್ಮ ಯಜಮಾನ್ರು ಇಳಿಯೋ ಮುಂಚೇನೇ ನಡುಗ್ತಿದ್ರಲ್ಲಮ್ಮ."

ಅವಳು ಎಲ್ಲರ ದುಡ್ಡು ವಾಪಸು ಕೊಟ್ಟಳು. ಪಕ್ಕದ ಬೋಟಿನ ಮೀಸೆಯವನು ಅಷ್ಟೂ ಜನರನ್ನು ಕೈಬೀಸಿ ಕರೆದು ಹತ್ತಿಸಿಕೊಂಡು ಹೋದ. ಸಂಜೆ ಅವರೆಲ್ಲ ಬಿಸಿಲಿಗೆ ಕೆಂಪಾಗಿ, ತಲೆ ಒದ್ದೆ ಮಾಡಿಕೊಂಡು, ನಗುನಗುತ್ತ ಇಳಿದರು. ಒಂದು ಅಲೆಯೂ ಎದ್ದಿರಲಿಲ್ಲ. ದಪ್ಪ ಹೊಟ್ಟೆಯವನು ಅವಳನ್ನು ಕಂಡು ಕೈಯೆತ್ತಿದಾಗ, ಅವಳು ಛತ್ರಿ ಮಡಚುವ ನೆಪದಲ್ಲಿ ಮುಖ ತಿರುಗಿಸಿದಳು.

ಐಸ್ ಫ್ಯಾಕ್ಟರಿಯ ಹಿಂದಿನ ಎರಡು ಕೋಣೆಯ ಮನೆಗೆ ಬಂದಾಗ ಅತ್ತೆ ಮಗನ ಎದುರಿಗೆ ಕೂತಿದ್ದಳು.

"ಗಾಳಿ ಬಂದಾಗ ತೂರ್ಕೋಬೇಕು ಕಣೋ. ಇರೋದೇ ನಾಲ್ಕು ತಿಂಗಳ ಸೀಸನ್ನು. ಹಾಲು ಕುಡಿಯೋ ಮಗು ಥರ ಮನೆಗೆ ಓಡಿ ಬಂದ್ಯಲ್ಲ."

ಮಗ ಚಾಪೆಯ ಎಳೆ ಕೀಳುತ್ತ ಕೂತಿದ್ದ. ಮುದುಕಿ ಸಾಕಾಗಿ ನೀರು ತರಲು ಎದ್ದುಹೋದಳು. ಟಿಕೆಟ್ ಅಕ್ಕ ಗಂಡನ ಪಕ್ಕ ಕೂತಳು.

"ರೀ, ನನ್ನ ಹತ್ರ ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಏನಾಯ್ತು ಹೇಳಿ."

"ದಿಬ್ಬ ಕಾಣ್ತು. ಇನ್ನರ್ಧ ಗಂಟೇಲಿ ಇವರೆಲ್ಲ ನೀರಿಗಿಳೀತಾರೆ ಅನ್ನಿಸ್ತು. ಕೈ ತಾನಾಗೇ ಬೋಟು ತಿರುಗಿಸ್ತು."

"ಆ ಟೈಲರ್ ವಿಷ್ಯಾನಾ?"

ಅವನು ತಲೆಯಾಡಿಸಿದ.

ದರ್ಜಿಯನ್ನು ಅವಳು ಮರೆತಿರಲಿಲ್ಲ. ಹೋದ ಸೀಸನ್ನಿನ ಕೊನೆಯ ವಾರ ಬಂದಿದ್ದ ಅರವತ್ತು ದಾಟಿದ ಮನುಷ್ಯ. ಸಮುದ್ರ ನೋಡಬೇಕೆಂದು ಒಬ್ಬನೇ ಬಂದಿದ್ದ. ಹೆಂಡತಿಗೆ ಮಂಡಿನೋವು, ಎರಡು ದಿನ ಬಸ್ಸಿನಲ್ಲಿ ಕೂರಲಾರಳು, ನೀವಾದರೂ ನೋಡಿ ಬಂದು ಹೇಳಿ ಎಂದು ಕಳಿಸಿದ್ದಳಂತೆ. ತಾನೇ ಹೊಲಿದ ಈಜುಚಡ್ಡಿ ತೋರಿಸಿದ್ದ. ಅದಕ್ಕೆ ಗುಂಡಿ ಹಾಕುವ ಜೇಬು ಬೇರೆ. "ಮೀನು ಜೇಬುಗಳ್ಳತನ ಮಾಡಬಾರದು ನೋಡಿ" ಎಂದು ಅವಳನ್ನು ನಗಿಸಿದ್ದ. ಬೋಟು ಹೊರಡುವವರೆಗೆ ಸುಮ್ಮನೆ ಕೂರಲಾರದೆ, ಚೀಲದಿಂದ ಸೂಜಿ ದಾರ ತೆಗೆದು ಅವಳ ಛತ್ರಿಯ ಹರಕನ್ನು ಹೊಲಿದುಕೊಟ್ಟಿದ್ದ.

ಅವತ್ತು ಮಧ್ಯಾಹ್ನ ಅವನನ್ನು ನೀರಿನಿಂದ ಎತ್ತಿ ಬೋಟಿಗೆ ಹಾಕಿಕೊಂಡು ಬಂದಿದ್ದರು. ಮುಖಕ್ಕೆ ನೀರ್ಗನ್ನಡಕ, ಬಾಯಲ್ಲಿ ಉಸಿರಾಡುವ ಕೊಳವೆ, ಮೈಮೇಲೆ ಲೈಫ್ ಜಾಕೆಟ್, ಎಲ್ಲ ಸರಿಯಾಗಿಯೇ ಇದ್ದವು. ನೀರಿನಲ್ಲಿ ಬೋರಲಾಗಿ ತೇಲುತ್ತಿದ್ದಾಗಲೇ ಎದೆ ನಿಂತುಹೋಗಿತ್ತು. ಯಾರ ತಪ್ಪೂ ಇಲ್ಲ ಎಂದು ಡಾಕ್ಟರು ಬರೆದುಕೊಟ್ಟರು, ಪೊಲೀಸರೂ ಹಾಗೇ ಬರೆದುಕೊಂಡರು. ಅಲ್ಲಿಗೆ ಮುಗಿಯಿತೆಂದು ಅವಳು ತಿಳಿದಿದ್ದಳು.

"ಪೊಲೀಸ್ನೋರಿಗೆ ಎಂಜಿನ್ ನೋಡ್ತಿದ್ದೆ ಅಂತ ಹೇಳಿದ್ದೆ," ಎಂದ ಗಂಡ. "ನೋಡ್ತಿರ್ಲಿಲ್ಲ. ಕೂತ್ಕೊಂಡು ಕಿತ್ತಳೆ ಹಣ್ಣು ಸುಲೀತಿದ್ದೆ. ಅವರನ್ನೇ ನೋಡ್ತಿದ್ದೆ. ಉಳಿದೋರೆಲ್ಲ ಬೋಟು ಹತ್ತಿದ್ರು. ಇವರೊಬ್ರು ಮುಖ ನೀರೊಳಗಿಟ್ಟು ಸುಮ್ನೆ ತೇಲ್ತಿದ್ರು. ಪಾಪ, ಎಷ್ಟು ಮೈಮರೆತಿದಾರೆ, ಇನ್ನೈದು ನಿಮಿಷ ನೋಡ್ಕೊಳ್ಳಲಿ ಬಿಡು ಅಂದ್ಕೊಂಡೆ. ಪೂರ್ತಿ ಹಣ್ಣು ತಿಂದೆ ಕಣೇ."

ಅವಳು ಅವನ ಕಡೆ ತಿರುಗಿ ಕೂತಳು.

"ಗೊತ್ತಿದ್ದೂ ಬಿಟ್ರಾ?"

"ಇಲ್ಲ."

"ಮತ್ತೆ?"

"ಮತ್ತೆ ಏನೂ ಇಲ್ಲ. ಗೊತ್ತಾಗಬೇಕಿತ್ತು." ಅವನು ಅಂಗೈ ಉಜ್ಜಿಕೊಂಡ. "ಅವರ ಮನೆಯಾಕೆ ಫೋನಲ್ಲಿ ಕೇಳಿದ್ರು, ಕೊನೇಲಿ ಅವರನ್ನ ಯಾರು ನೋಡಿದ್ರಪ್ಪಾ ಅಂತ. ಯಾರೂ ನೋಡ್ಲಿಲ್ಲ ಅಮ್ಮ ಅಂದೆ. ಪೊಲೀಸ್ನೋರಿಗೆ ಹೇಳಿದ ಸುಳ್ಳು ಹೋಗ್ಲಿ. ಇದು ಗಂಟಲಲ್ಲೇ ನಿಂತಿದೆ."

ಎಂಟು ತಿಂಗಳು ತಟ್ಟೆಯ ಪಕ್ಕ ತಟ್ಟೆಯಿಟ್ಟು ಉಂಡಿದ್ದರೂ ಇವನ ಹೊಟ್ಟೆಯೊಳಗಿನ ಬೆಂಕಿ ತನಗೆ ಕಾಣಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು. ಬೆಳಗ್ಗೆಯಿಂದ ಕುದಿಯುತ್ತಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ನಾಳೆಯಿಂದ ನಾನೂ ಬೋಟಿಗೆ ಬರ್ತೀನಿ," ಎಂದಳು. "ನೀವು ಬೋಟು ನೋಡ್ಕೊಳ್ಳಿ. ನೀರಲ್ಲಿರೋ ತಲೆಗಳನ್ನ ನಾನು ನೋಡ್ಕೋತೀನಿ. ನಂಗೆ ಬೇರೆ ಏನೂ ಕೆಲಸ ಇರಬಾರದು."

"ಮೇಜಿಗೆ ಯಾರು?"

"ಅತ್ತೆ."

ಅತ್ತೆ ಮೇಜಿಗೆ ಬಂದಮೇಲೆ ಚೌಕಾಸಿ ಮಾಡುವವರೇ ಇಲ್ಲವಾದರು. ಟಿಕೆಟ್ ಅಕ್ಕ ಬೋಟಿನ ಚಾವಣಿ ಹತ್ತಿ ಕೂತಳು. ಕೊರಳಲ್ಲೊಂದು ಸೀಟಿ. ಅವಳು ಸೀಟಿ ಊದಿದಾಗಲೆಲ್ಲ ನೀರಿನಲ್ಲಿದ್ದವರು ತಲೆಯೆತ್ತಿ ಕೈ ತೋರಿಸಬೇಕು, ತೋರಿಸದಿದ್ದರೆ ಹೆಸರು ಹಿಡಿದು ಕೂಗುತ್ತಿದ್ದಳು. ಜನ ಗೊಣಗಿದರು. ಮೀಸೆಯವನು ಇವರದಕ್ಕೆ ಸ್ಕೂಲ್ ಬೋಟು ಎಂದು ಹೆಸರಿಟ್ಟ. ಕೆಲವರು ಆ ಕಾರಣಕ್ಕೇ ಅವನ ಬೋಟಿಗೆ ಹೋದರು, ಮಕ್ಕಳೊಂದಿಗರು ಆ ಕಾರಣಕ್ಕೇ ಇವರ ಬೋಟಿಗೆ ಬಂದರು.

ಬೋಟೇನೋ ದಿನಾ ಹೊರಟಿತು. ಆದರೆ ದಿಬ್ಬದ ಹತ್ತಿರ ಲಂಗರು ಬಿಟ್ಟೊಡನೆ ಗಂಡ ನೀರಿಗೆ ಬೆನ್ನು ಹಾಕಿ ಕೂರುತ್ತಿದ್ದ. ಆ ಒಂದು ಗಂಟೆ ಅವನು ನೀರೂ ಕುಡಿಯುತ್ತಿರಲಿಲ್ಲ. ಮೇಲಿಂದ ಅವಳಿಗೆ ನೀರಿನ ತಲೆಗಳ ಜೊತೆಗೆ ಆ ಬೆನ್ನೂ ಕಾಣುತ್ತಿತ್ತು.

ಮೂರನೆಯ ವಾರ ಗಾಳಿಯೆದ್ದು ದಡದಲ್ಲಿ ಕೆಂಪು ಬಾವುಟ ಹಾರಿಸಿದರು. ಬೋಟುಗಳೆಲ್ಲ ಸಾಲಾಗಿ ಕಟ್ಟಿಕೊಂಡು ಕುಲುಕುತ್ತಿದ್ದವು. ಮಧ್ಯಾಹ್ನ ಗಂಡ ಮನೆಯ ಮೆಟ್ಟಿಲ ಮೇಲೆ ಲೈಫ್ ಜಾಕೆಟಿನ ಪಟ್ಟಿ ಸರಿಮಾಡುತ್ತಿದ್ದಾಗ ಅವಳು ಹೋದ ವರ್ಷದ ಪ್ರಯಾಣಿಕರ ಪುಸ್ತಕ ತಂದು ಅವನ ತೊಡೆಯ ಮೇಲಿಟ್ಟಳು. ಒಂದು ಸಾಲಿನ ಮೇಲೆ ಬೆರಳಿಟ್ಟಳು. ಮನೆಯ ಫೋನ್ ನಂಬರನ್ನು ದರ್ಜಿ ಒಂದೊಂದೇ ಅಂಕಿ ಬಿಡಿಸಿ ದುಂಡಗೆ ಬರೆದಿದ್ದ.

"ಈಗ ಹೇಳಿ ಏನು ಉಪಯೋಗ? ಗಾಯದ ಮೇಲೆ ಬರೆ ಎಳೆದ ಹಾಗಾಗುತ್ತೆ," ಎಂದ ಅವನು.

"ಅದು ಅವರು ಹೇಳಬೇಕಾದ ಮಾತು, ನೀವಲ್ಲ."

ಅವನು ಬಹಳ ಹೊತ್ತು ಆ ಸಾಲನ್ನೇ ನೋಡಿದ. ಆಮೇಲೆ ಫೋನು ತೆಗೆದು ಅವಳ ಕೈಗಿತ್ತ. ಅವನು ಒಂದೊಂದೇ ಅಂಕಿ ಓದಿದ, ಒತ್ತಿದ್ದು ಅವಳು. ಇಬ್ಬರಿಗೂ ಕೇಳುವಂತೆ ಮೆಟ್ಟಿಲ ಮೇಲಿಟ್ಟಳು.

ಆ ಕಡೆಯಿಂದ ಹೆಂಗಸಿನ ದನಿ ಬಂತು. ಅವನು ತಾನು ಯಾರೆಂದು ಹೇಳಿದ. ಕಿತ್ತಳೆ ಹಣ್ಣನ್ನೂ ಬಿಡದೆ ಎಲ್ಲವನ್ನೂ ಹೇಳಿದ. ಆ ಕಡೆ ಸದ್ದಿಲ್ಲ. ಲೈನು ಕಡಿಯಿತೇನೋ ಎಂದು ಟಿಕೆಟ್ ಅಕ್ಕ ಬಗ್ಗಿ ನೋಡಿದಳು.

"ಎಷ್ಟು ಹೊತ್ತು ನೋಡ್ದೆ?"

"ಹತ್ತು ನಿಮಿಷ ಇರಬೇಕಮ್ಮ."

"ಆಗ್ಲೇ ಹೇಳಬೇಕಿತ್ತು ನೀನು."

"ಹೌದಮ್ಮ."

"ಯಾರೂ ನೋಡ್ಲಿಲ್ಲ ಅಂದ್ಯಲ್ಲ, ಅವತ್ತಿಂದ ನಂಗೆ ಒಂದೇ ಯೋಚನೆ. ಕೈ ಎತ್ತಿ ಕೂಗಿರಬೇಕು, ಕಾಪಾಡಿ ಅಂದಿರಬೇಕು, ಯಾರೂ ತಿರುಗಿ ನೋಡಿಲ್ಲ ಅಂತ. ಕೂಗಿದ್ರಾ ಅವರು?"

"ಇಲ್ಲಮ್ಮ. ಕೂಗ್ಲಿಲ್ಲ. ಕೈಕಾಲೂ ಬಡೀಲಿಲ್ಲ. ಅದಕ್ಕೇ ನಂಗೆ ಗೊತ್ತಾಗ್ಲಿಲ್ಲ."

ಆ ಹೆಂಗಸು ಅಳುತ್ತಿದ್ದಳೋ, ಉಸಿರು ತೆಗೆದುಕೊಳ್ಳುತ್ತಿದ್ದಳೋ, ಗಾಳಿಯ ಸದ್ದಿನಲ್ಲಿ ತಿಳಿಯಲಿಲ್ಲ.

"ಕ್ಷಮಿಸಿದೀನಿ ಅಂತ ಹೇಳೋಕೆ ಈಗ ನಂಗೆ ಬಾಯಿ ಬರ್ತಿಲ್ಲಪ್ಪ," ಎಂದಳು ಕೊನೆಗೆ.

"ಬೇಡಮ್ಮ. ಹೇಳಬೇಡಿ."

ಆಮೇಲೆ ಆಕೆ ಗಂಟಲು ಸರಿಮಾಡಿಕೊಂಡು ಕೇಳಿದಳು: "ಬಂದು ಹೇಳ್ತೀನಿ ಅಂದಿದ್ರು. ಏನೇನು ಮೀನಿರ್ತವೆ ಅಲ್ಲಿ?"

ಅವನು ಹೆಂಡತಿಯ ಮುಖ ನೋಡಿದ. ಹೇಳಿ ಎಂಬಂತೆ ಅವಳು ತಲೆಯಾಡಿಸಿದಳು.

"ಹಳದಿ ಮೈಗೆ ಕಪ್ಪು ಪಟ್ಟೆ ಇರೋವು ಇರ್ತವಮ್ಮ, ಅಂಗೈಯಗಲ. ಯಾವಾಗ್ಲೂ ಜೋಡಿಯಾಗೇ ತಿರುಗ್ತವೆ. ಉಗುರಿನಷ್ಟು ಚಿಕ್ಕ ನೀಲಿ ಮೀನು ನೂರಾರು. ಕೈ ಆಡಿಸಿದ್ರೆ ಒಟ್ಟಿಗೇ ಹವಳದೊಳಗೆ ಅಡಗಿಬಿಡ್ತವೆ. ಹಸಿರು ಬಣ್ಣದ್ದು ಒಂದಿದೆ, ಗಿಳಿ ಕೊಕ್ಕಿನ ಥರ ಬಾಯಿ. ಅದು ಹವಳ ಕಡಿಯೋದು ನೀರೊಳಗೆ ಕೇಳ್ಸುತ್ತೆ. ಕಟಕಟ ಕಟಕಟ ಅಂತ."

"ಮಿಷಿನ್ ಥರಾನಾ? ಹೊಲಿಗೆ ಮಿಷಿನ್?"

ಅವನು ಸ್ವಲ್ಪ ಯೋಚಿಸಿದ. "ಹೂಂ. ಪಕ್ಕದ ಕೋಣೇಲಿ ಯಾರೋ ಹೊಲೀತಿರೋ ಥರ."

"ಆಮೇಲೆ?"

ಅವನು ಪಟ್ಟಿ ಕೆಳಗಿಟ್ಟು, ಫೋನನ್ನು ಕೈಗೆತ್ತಿಕೊಂಡು, ಗಾಳಿ ಅಡ್ಡ ಬಾರದಂತೆ ಬಾಗಿಲ ಮರೆಗೆ ಸರಿದು ಕೂತ. ಕಲ್ಲಿನ ಸಂದಿಯಲ್ಲಿ ಬಾಯಿ ತೆರೆದುಕೊಂಡು ಕೂರುವ ಹಾವಿನಂಥ ಮೀನಿನ ಕಥೆ ಶುರುಮಾಡಿದ. ಟಿಕೆಟ್ ಅಕ್ಕ ಸದ್ದಾಗದಂತೆ ಎದ್ದು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು. ನೀರು ಕುದಿದು, ಚಹಾ ಸೋಸಿ, ಅದು ಲೋಟದಲ್ಲಿ ಆರಿದರೂ ಹೊರಗೆ ಮಾತು ನಡೆದೇ ಇತ್ತು.