ನೆರಿಗೆಯೊಳಗಿನ ತಪ್ಪು

ಎಪ್ಪತ್ತೆರಡರ ಆರ್ಚಿಗೆ ಶನಿವಾರ ಮದುವೆ. ಅವನು ಉಡಬೇಕಿದ್ದ ಕಿಲ್ಟಿನ, ಅಂದರೆ ಅಲ್ಲಿನ ಗಂಡಸರ ಮೊಣಕಾಲುದ್ದದ ಲಂಗದ, ಹಿಂಬದಿಯ ನೆರಿಗೆಗಳನ್ನು ನುಸಿ ತಿಂದಿತ್ತು. ಹೊಸದನ್ನು ಹೊಲಿಯಲು ಅಕ್ಕ ಎಫಿಗೆ ಎಂಟು ಗಜ ದಪ್ಪ ಉಣ್ಣೆಬಟ್ಟೆ ಬೇಕಿತ್ತು. ಸೆಲ್ಕರ್ಕ್ ಊರಿನ ಬಟ್ಟೆ ಅಂಗಡಿಯಲ್ಲಿ ಬೆಲೆ ಕೇಳಿ ಬಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಇಷ್ಟು ದುಡ್ಡಾದ್ರೆ ಅವನನ್ನ ಬರಿಮೈಲೇ ಕಳಿಸ್ತೀನಿ, ನೆಟ್ಟಾ."

"ಪಾದ್ರಿ ಎದುರಿಗಾ? ತಡಿ." ಅಂಗಡಿಯೊಡತಿ ನೆಟ್ಟಾ ಒಳಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಥಾನು ತಂದಳು. "ಇದ್ರಲ್ಲಿ ನೇಯ್ಗೆ ತಪ್ಪಿದೆ, ಅರ್ಧ ಬೆಲೆ. ಸೀಮೆಸುಣ್ಣದ ಗುರುತು ಹಾಕಿದೀನಿ. ನೆರಿಗೆಯೊಳಗೆ ಮುಚ್ಚಿಬಿಡು."

"ಮದುಮಗಳು ಎತ್ತಿ ನೋಡಿದ್ರೆ?"

"ಎತ್ತಿದವಳು ನೇಯ್ಗೆ ನೋಡ್ತಾಳಾ?"

ಮನೆಯಲ್ಲಿ ಎಫಿ ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಬಟ್ಟೆ ಹಿಡಿದಳು. ಆರು ಗುರುತುಗಳಿದ್ದವು, ಒಂದರ ಕೆಳಗೂ ತಪ್ಪಿರಲಿಲ್ಲ. ನೆಟ್ಟಾಳ ಸುಳ್ಳು ಬಯಲಾಗದಿರಲೆಂದು ಎಫಿ ಆರನ್ನೂ ನೆರಿಗೆಯೊಳಗೆ ಮುಚ್ಚಿ ಹೊಲಿದಳು.