ಗೋಡೆಯಾಚೆಯ ನಾಲ್ಕು ದನಿ

ಶುಕ್ರವಾರ ಹನ್ನೊಂದಾಯಿತೆಂದರೆ ಕೊಲ್ಲಿ ದೇಶದ ಬಿನ್ ಒಮ್ರಾನ್ ಬಡಾವಣೆಯ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ರತ್ನಪ್ರಭಾ ರೊಟ್ಟಿಯ ಎಸರಿಗೆ ನೀರಿಡುತ್ತಿದ್ದಳು. ಗಂಡ ಚನ್ನಬಸವ ನಾಲ್ಕು ವಾರ ಸಮುದ್ರದ ನಡುವಿನ ಎಣ್ಣೆಬಾವಿಯ ರಿಗ್ಗಿನಲ್ಲಿ, ನಾಲ್ಕು ವಾರ ಮನೆಯಲ್ಲಿ. ಅವನಿಲ್ಲದ ದಿನಗಳಲ್ಲಿ ಮಾತೇ ಇಲ್ಲದೆ, ಸಂಜೆ ಫೋನೆತ್ತಿದಾಗ ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸುತ್ತಿತ್ತು.

ವಾರದ ರಜೆಯಾದ ಶುಕ್ರವಾರ ಮಾತ್ರ ಹಾಗಲ್ಲ. ಪಕ್ಕದ ಮನೆಯ ಮಂಗಳೂರಿನ ಆನ್ಸೆಲ್ಮ್, ಅವನ ಹೆಂಡತಿ ಹಿಲ್ಡಾ, ಇಬ್ಬರು ಹೆಣ್ಣುಮಕ್ಕಳು ಚರ್ಚಿನಿಂದ ಬಂದವರೇ ಹಾಡಲು ಕೂರುತ್ತಿದ್ದರು. ಆನ್ಸೆಲ್ಮ್‌ನ ತಂದೆಯೂ ತಮ್ಮ ತಂಗಿಯರನ್ನು ಕೂಡಿಸಿಕೊಂಡು ಮದುವೆಮನೆಗಳಲ್ಲಿ ಹಾಡಿದವರಂತೆ. ಹಡಗಿನ ಕೆಲಸದ ಮಾವನೊಬ್ಬ ತಂದ ರೆಕಾರ್ಡುಗಳಿಂದ ಕಲಿತ, ಅರವತ್ತರ ದಶಕದ ಇಂಗ್ಲಿಷ್ ಹಾಡುಗಳು. ಲಿಫ್ಟಿನಲ್ಲಿ ಹಿಲ್ಡಾ ಒಮ್ಮೆ ಇದನ್ನೆಲ್ಲ ಹೇಳಿದ್ದಳು. ಹಾಡುಗಳಲ್ಲಿ ಇದ್ದದ್ದು ಬಿಸಿಲು, ತೆರೆದ ಕಿಟಕಿ, ಊರಾಚೆಗೊಂದು ನಡಿಗೆ. ಮಾತಿನಲ್ಲಿ ಅಂಥದ್ದೇನೂ ಇರಲಿಲ್ಲ. ಆದರೆ ನಾಲ್ಕು ದನಿ ಒಂದರ ಮೇಲೊಂದು ಏರಿ ಕೂತಾಗ, ಪರದೆ ಎಳೆದ ಅಡುಗೆಮನೆಯಲ್ಲಿ ಎಳೆಬಿಸಿಲು ಹರಡಿದಂತಾಗುತ್ತಿತ್ತು. ಹೊರಗೆ ಸುಡುವ ಬಿಸಿಲಲ್ಲ, ಬೆನ್ನೊಡ್ಡಿ ಕೂರಬಹುದಾದ ಬಿಸಿಲು.

ಆ ತಾಳಕ್ಕೇ ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಗೋಡೆಗಂಟಿದ ಕಲ್ಲಿನ ಕಟ್ಟೆಯ ಮೇಲೆ ಹಿಟ್ಟು ಅಂಗೈ ಕೆಳಗೆ ತಿರುಗುತ್ತ, ತಿರುಗುತ್ತ ಹಾಳೆಯಷ್ಟು ತೆಳ್ಳಗಾಗುವುದು. ಹಾಡು ಜೋರಾದರೆ ಕೈಯೂ ಜೋರು.

ಒಂದು ಶುಕ್ರವಾರ ಮಧ್ಯಾಹ್ನ ಆನ್ಸೆಲ್ಮ್ ಕೇಕಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ತುಂಬ ತೊಂದರೆ ಕೊಟ್ಟೆವು ಅಕ್ಕ. ನೀವು ಗೋಡೆ ಬಡಿಯುವುದು ನಮಗೆ ಕೇಳ್ತಿತ್ತು. ಇನ್ನು ಇಲ್ಲಿ ಹಾಡುವುದಿಲ್ಲ, ಖಲಾಸ್."

ನೀರುದೋಸೆಯ ಸೀಮೆಯವರು, ರೊಟ್ಟಿ ಬಡಿಯುವ ಸದ್ದು ಅವರಿಗೇನು ಗೊತ್ತು. ಹಾಗಲ್ಲ ಎನ್ನಲು ರತ್ನಪ್ರಭಾ ಸರಿಯಾದ ಮಾತಿಗೆ ತಡಕಾಡಿದಳು. ಪ್ರತಿ ಮಾತನ್ನೂ ಎರಡು ಸಲ ತೂಗಿ ಆಡುವ ಅಭ್ಯಾಸ ಅವಳದು. ತೂಗುವಷ್ಟರಲ್ಲಿ ಬಾಯಿಗೆ ಬಂದದ್ದು, "ಇರ್ಲಿ ಬಿಡ್ರಿ." ಅದು ಕ್ಷಮಿಸಿದವರು ಆಡುವ ಮಾತು. ಆನ್ಸೆಲ್ಮ್ ಹಗುರಾಗಿ ಹೊರಟುಹೋದ.

ಮುಂದಿನ ಶುಕ್ರವಾರ ಹನ್ನೊಂದಕ್ಕೆ ಗೋಡೆ ಸುಮ್ಮನಿತ್ತು. ಏಸಿಯ ಗುರುಗುಟ್ಟುವಿಕೆಯೊಂದೇ. ಮೊದಲ ರೊಟ್ಟಿ ನಡುವೆ ಹರಿಯಿತು, ಎರಡನೆಯದರ ಅಂಚು ಬಿರಿಯಿತು. ಮೂರನೆಯದಕ್ಕೆ ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಈಗ ಬಡಿದರೆ, ಇವಳ ಸಿಟ್ಟು ಇನ್ನೂ ಇಳಿದಿಲ್ಲವೆಂದು ಅವರು ತಿಳಿಯುವುದಿಲ್ಲವೇ? ಇಂದು ಸುಮ್ಮನಿದ್ದರೆ ಶುಕ್ರವಾರವೂ ಉಳಿದ ದಿನಗಳ ಹಾಗೇ ಆಗಿಹೋಗುತ್ತದೆ. ಒಲೆ ಆರಿಸಿ, ಕೈ ತೊಳೆಯುವುದನ್ನೂ ಮರೆತು ಪಕ್ಕದ ಬಾಗಿಲು ತಟ್ಟಿದಳು.

ಬಾಗಿಲು ತೆರೆದ ಹಿಲ್ಡಾಳ ಮುಖ ಸಪ್ಪಗಾಯಿತು. ರತ್ನಪ್ರಭಾ ಈ ಸಲ ಮಾತು ತೂಗಲಿಲ್ಲ.

"ನಾ ಗೋಡಿ ಬಡದಿಲ್ರೀ. ನಿಮ್ಮ ಹಾಡಿನ ಸಂಗಡ ರೊಟ್ಟಿ ಬಡೀತಿದ್ದೆ. ಇವತ್ತ ಹಾಡಿಲ್ಲ, ಒಂದೂ ಸರಿ ಆಗವಲ್ದು."

ಹಿಲ್ಡಾ ಅವಳ ಹಿಟ್ಟಿನ ಕೈಗಳನ್ನೇ ನೋಡಿದಳು. ಒಳಕ್ಕೆ ತಿರುಗಿ ಕೊಂಕಣಿಯಲ್ಲಿ ಏನೋ ಹೇಳಿದಳು. ಯಾರೋ ಕಿಸಕ್ಕನೆ ನಕ್ಕರು.

"ಎಂಥ ಅಕ್ಕ ನೀವು," ಆನ್ಸೆಲ್ಮ್ ಎದ್ದು ಬಂದ. "ನಿಮ್ಮ ಬಡಿತಕ್ಕೆ ಹೆದರಿ ನಾವು ಬೇಗ ಬೇಗ ಹಾಡಿ ಮುಗಿಸ್ತಿದ್ದೆವು ಮಾರಾಯ್ರೆ. ನಾವು ಓಡಿದ ಹಾಗೆ ನೀವೂ ಬೆನ್ನಟ್ಟಿ ಬರ್ತಿದ್ದಿರಿ."

ಸೋಫಾಕ್ಕೆ ಹಿಟ್ಟು ತಾಗದಂತೆ ಅಂಗೈ ಮೇಲೆ ಮಾಡಿ ಅವಳು ಅಂಚಿನಲ್ಲಿ ಕೂತಳು. ಕಿರಿಯವಳು ಗಿಟಾರ್ ಮೀಟಿದಳು. ತಳದ ದಪ್ಪ ದನಿ ಹೊರಟಿದ್ದು ಕಡ್ಡಿಯಂಥ ಹಿರಿಮಗಳಿಂದ. ಆಮೇಲೆ ಎಲ್ಲಕ್ಕಿಂತ ಮೇಲೆ, ಇಷ್ಟು ದಿನ ಕಿರಿಯವಳದೆಂದೇ ಅವಳು ನಂಬಿದ್ದ ಆ ರೇಷ್ಮೆಯೆಳೆಯ ದನಿ ಆನ್ಸೆಲ್ಮ್‌ನ ಗಂಟಲಿಂದ ಎದ್ದಿತು. ಹೊಟ್ಟೆಯ ಮೇಲೊಂದು ಕೈ, ಮುಚ್ಚಿದ ಕಣ್ಣು.

ರತ್ನಪ್ರಭಾ ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವನು ಕಣ್ಣು ತೆರೆಯದೆ ಇನ್ನೂ ಒಂದು ಮೆಟ್ಟಿಲು ಮೇಲೇರಿದ.